ನಿಂತ ಕಾಲಿಗೆ ತಾಳದ ಊರುಗೋಲು

2010ರ ಏಪ್ರಿಲ್ ತಿಂಗಳಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಎಂಬ ವೈದ್ಯಕೀಯ ಪತ್ರಿಕೆಯು ಒಂದು ಪುಟ್ಟ ಟಿಪ್ಪಣಿಯನ್ನೂ ಅದರ ಜೊತೆಗೆ ಚಲನಚಿತ್ರದ ಕೆಲವು ತುಣುಕುಗಳನ್ನೂ ಪ್ರಕಟಿಸಿತು. ನೆದರ್‌ಲ್ಯಾಂಡ್ಸ್ ದೇಶದ ನೈಮೇಖನ್ ನಗರದ ನರರೋಗ ತಜ್ಞ ಬಾಸ್ಟಿಯಾನ್ ಬ್ಲೂಮ್ ಮತ್ತು ಅವರ ಸಂಗಡಿಗರು ಸೆರೆಹಿಡಿದ ಆ ದೃಶ್ಯಗಳಲ್ಲಿ 58 ವರ್ಷದ ಗೃಹಸ್ಥರೊಬ್ಬರು ಕಾಣಿಸುತ್ತಾರೆ. ಹತ್ತು ವರ್ಷಗಳಿಂದ ಅವರಿಗೆ ಪಾರ್ಕಿನ್ಸನ್ ಬೇನೆ. ನಡೆಯಲೆಂದು ಎದ್ದು ನಿಂತರೆ ಪಾದಗಳು ನೆಲಕ್ಕೆ ಮೊಳೆ ಹೊಡೆದಂತೆ ನಿಂತುಬಿಡುತ್ತವೆ. ಎದುರಿಗಿದ್ದ ವೈದ್ಯರು ತಮ್ಮ ಪಾದವನ್ನೇ ಗುರುತಾಗಿ ಮುಂದೊಡ್ಡಿದಾಗ ಅದನ್ನು ನೋಡಿಕೊಂಡು ನಾಲ್ಕಾರು ತಡವರಿಕೆಯ ಹೆಜ್ಜೆ ಇಟ್ಟು ಮುಗ್ಗರಿಸುತ್ತಾರೆ. ಮುಂದಿನ ತುಣುಕಿನಲ್ಲಿ ಅದೇ ಮನುಷ್ಯ ಸೈಕಲ್ಲೇರಿ ಹೊರಟಿದ್ದಾರೆ. ತೂಕ ತಪ್ಪದೆ, ನಡುಗದೆ, ತಿರುವಿನಲ್ಲಿ ಸರಾಗವಾಗಿ ತಿರುಗಿ ಮರಳಿ ಬರುತ್ತಾರೆ. ಸೈಕಲ್ಲಿನಿಂದ ಇಳಿದೊಡನೆ ಕಾಲು ಮತ್ತೆ ಕಟ್ಟಿಹೋಗುತ್ತದೆ.

ನಡೆಯಲಾಗದವನು ಸೈಕಲ್ ತುಳಿಯಬಲ್ಲನಾದರೆ ಕೆಟ್ಟಿರುವುದು ಕಾಲಲ್ಲ ಎಂಬುದು ಸ್ಪಷ್ಟ. ಸ್ನಾಯುವಿಗೆ ಶಕ್ತಿಯಿದೆ, ಸಂದಿಗೆ ಚಲನೆಯಿದೆ. ಕೆಟ್ಟಿರುವುದು ‘ಹೊರಡು’ ಎಂಬ ಅಪ್ಪಣೆ ಹಾದುಬರುವ ದಾರಿ. ಆ ದಾರಿಗೆ ಬದಲಾಗಿ ಬೇರೊಂದು ದಾರಿಯನ್ನು ಹುಡುಕಿಕೊಡುವ ಪ್ರಯತ್ನಗಳಲ್ಲಿ ಕಳೆದ ಎರಡೂವರೆ ದಶಕಗಳಿಂದ ಹೆಚ್ಚು ಹೆಚ್ಚಾಗಿ ಹೆಸರು ಕೇಳಿಬರುತ್ತಿರುವುದು ನೃತ್ಯದ್ದು.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಮನೆಗಳಲ್ಲಿ ಈ ಬೇನೆ ಅಪರಿಚಿತವಲ್ಲ, ಅದರ ಹೆಸರಷ್ಟೇ ಅಪರಿಚಿತ. ಅಜ್ಜನ ಕೈ ನಡುಗಿದರೆ ಮುಪ್ಪು ಎನ್ನುತ್ತಾರೆ. ಅಜ್ಜಿಯ ಮುಖದ ಮೇಲೆ ನಗು ಮೂಡದಾದರೆ ಸಿಟ್ಟು ಎಂದೋ ಸೊಸೆಯ ಮೇಲಿನ ಮುನಿಸು ಎಂದೋ ಬಗೆಯುತ್ತಾರೆ. ಹೊಸ್ತಿಲಲ್ಲಿ ಕಾಲು ಕಟ್ಟಿ ನಿಂತವರನ್ನು ಹಿಂದಿನಿಂದ ‘ನಡೀರಿ, ನಡೀರಿ’ ಎಂದು ಅವಸರಪಡಿಸುತ್ತಾರೆ. ಅವಸರಪಡಿಸಿದಷ್ಟೂ ಕಾಲು ಇನ್ನಷ್ಟು ಬಿಗಿಯುತ್ತದೆ. ಒಮ್ಮೆ ಬಿದ್ದ ಮೇಲೆ ಮನೆಯವರಿಗೂ ಭಯ, ಬಿದ್ದವರಿಗೂ ಭಯ; ಕುರ್ಚಿಯೇ ಅವರ ಲೋಕವಾಗುತ್ತದೆ. ಕುಳಿತಲ್ಲೇ ಕುಳಿತ ದೇಹ ಬೇನೆಗಿಂತ ಬೇಗ ಕುಸಿಯುತ್ತದೆ. ಬೀಡಿ ಕಟ್ಟಿ ಬದುಕುವ ಹೆಣ್ಣುಮಗಳ ಬೆರಳಿಗೆ ನಡುಕ ಬಂದರಂತೂ ಸಾವಿರದ ಲೆಕ್ಕದಲ್ಲಿ ಸಿಗುತ್ತಿದ್ದ ಮಜೂರಿ ದಿನದಿನಕ್ಕೂ ಇಳಿಯುತ್ತದೆ. 

ಬೇನೆಗೆ ತನ್ನ ಹೆಸರನ್ನು ಕೊಟ್ಟ ಜೇಮ್ಸ್ ಪಾರ್ಕಿನ್ಸನ್ ಲಂಡನ್ನಿನ ಒಬ್ಬ ವೈದ್ಯ. 1755ರ ಏಪ್ರಿಲ್ 11 ಅವನ ಜನ್ಮದಿನ; ಆ ದಿನವನ್ನೇ ಈಗ ವಿಶ್ವ ಪಾರ್ಕಿನ್ಸನ್ ದಿನವೆಂದು ಆಚರಿಸುತ್ತಾರೆ. 1817ರಲ್ಲಿ ಆತ ಬರೆದ ‘ನಡುಕದ ಪಾರ್ಶ್ವವಾಯು’ವಿನ ಕುರಿತ ಪ್ರಬಂಧದಲ್ಲಿ ವರ್ಣಿತರಾದವರು ಆರೇ ಜನ. ಅವರಲ್ಲಿ ಕೆಲವರನ್ನು ಅವನು ಬೀದಿಯಲ್ಲಿ ಹೋಗುವಾಗ ಕಂಡದ್ದಷ್ಟೇ. ನಡಿಗೆಯನ್ನು ನೋಡಿಯೇ ರೋಗವನ್ನು ಗುರುತಿಸಿದ ಕಣ್ಣು ಅದು. ಈತ ರಾಜಕೀಯದಲ್ಲಿ ಬಂಡಾಯದ ಪಕ್ಷದವನು. ಮೂರನೆಯ ಜಾರ್ಜ್ ದೊರೆಯನ್ನು ವಿಷದ ಬಾಣದಿಂದ ಕೊಲ್ಲುವ ಸಂಚು ನಡೆದಿದೆಯೆಂಬ ಆರೋಪ ಎದ್ದಾಗ 1794ರಲ್ಲಿ ಪ್ರಿವಿ ಕೌನ್ಸಿಲ್ಲಿನ ಮುಂದೆ ಪ್ರಮಾಣ ಮಾಡಿ ವಿಚಾರಣೆಗೆ ನಿಂತವನು. ನ್ಯಾಯದ ಕಟಕಟೆಯನ್ನು ಕಂಡುಬಂದ ಈ ವೈದ್ಯನ ಹೆಸರು ಇಂದು ಅಂಗವಿಕಲರ ಹಕ್ಕಿನ ಕಾಯಿದೆಯ ಅನುಸೂಚಿಯಲ್ಲಿಯೂ ಅಚ್ಚಾಗಿದೆ. ಆ ವಿಷಯ ಮುಂದೆ ಬರುತ್ತದೆ.

ಮೆದುಳಿನ ಕಾಂಡದ ಮೇಲ್ಭಾಗದಲ್ಲಿ ಕಪ್ಪು ವರ್ಣದ ಜೀವಕೋಶಗಳ ಒಂದು ಪಟ್ಟಿಯಿದೆ. ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸಿ ಮೆದುಳಿನ ಒಳಗಂಟುಗಳಿಗೆ ಕಳುಹಿಸುವುದು ಅವುಗಳ ಕೆಲಸ. ಈ ಕೋಶಗಳು ಒಂದೊಂದಾಗಿ ಸಾಯುತ್ತ ಹೋಗುವುದೇ ಪಾರ್ಕಿನ್ಸನ್ ಬೇನೆ. ಬಹುಪಾಲು ಕೋಶಗಳು ನಾಶವಾಗುವವರೆಗೂ ಹೊರಗೆ ಏನೂ ಕಾಣಿಸುವುದಿಲ್ಲ. ಆಮೇಲೆ ನಡುಕ, ಸೆಡೆತ, ನಿಧಾನ, ತೂಕ ತಪ್ಪುವಿಕೆ ಒಂದರ ಹಿಂದೆ ಒಂದು ಬರುತ್ತವೆ. ಅಕ್ಷರ ಸಣ್ಣದಾಗುತ್ತದೆ, ದನಿ ಇಂಗುತ್ತದೆ, ನಡೆಯುವಾಗ ಕೈ ಬೀಸುವುದು ನಿಲ್ಲುತ್ತದೆ. ಆಯುರ್ವೇದದವರು ಕಂಪವಾತವೆಂದು ಕರೆದು ಅದಕ್ಕೆ ಕೊಡುತ್ತ ಬಂದ ಮದ್ದುಗಳಲ್ಲಿ ನಸುಗುನ್ನಿಯ ಬೀಜವೂ ಒಂದು. 1937ರಲ್ಲಿ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು ಆ ಬೀಜದಿಂದಲೇ ಬೇರ್ಪಡಿಸಿ ತೋರಿಸಿದ ವಸ್ತು ಲೆವೊಡೋಪಾ. ಅದನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟರೆ ಪಾರ್ಕಿನ್ಸನ್ ರೋಗಿ ಎದ್ದು ನಡೆಯುತ್ತಾನೆ ಎಂಬುದನ್ನು ಜಾರ್ಜ್ ಕೊಟ್ಜಿಯಾಸ್ ಅಮೆರಿಕದಲ್ಲಿ ಸಿದ್ಧಪಡಿಸಿದ್ದು ಸರಿಯಾಗಿ ಮೂವತ್ತು ವರ್ಷಗಳ ಮೇಲೆ, 1967ರಲ್ಲಿ. ಇಂದಿಗೂ ಅದೇ ಮುಖ್ಯ ಔಷಧ. ಆದರೆ ವರ್ಷಗಳು ಕಳೆದಂತೆ ಗುಳಿಗೆಯ ಪ್ರಭಾವದ ಅವಧಿ ಕಿರಿದಾಗುತ್ತದೆ. ತೂಕ ತಪ್ಪಿ ಬೀಳುವುದನ್ನೂ ಕಾಲು ಕಟ್ಟುವುದನ್ನೂ ಗುಳಿಗೆ ಅಷ್ಟಾಗಿ ತಡೆಯುವುದೂ ಇಲ್ಲ. ಔಷಧ ಕೈಬಿಡುವ ಈ ಜಾಗದಲ್ಲಿಯೇ ನೃತ್ಯದ ಮಾತು ಬರುತ್ತದೆ.

ತಾಳ ತೆರೆದ ಅಡ್ಡದಾರಿ

ನಡಿಗೆ ಯೋಚಿಸಿ ಮಾಡುವ ಕೆಲಸವಲ್ಲ. ಒಂದು ಹೆಜ್ಜೆ ಮುಗಿಯುವ ಹೊತ್ತಿಗೆ ಮುಂದಿನ ಹೆಜ್ಜೆ ತಾನಾಗಿಯೇ ಸಿದ್ಧವಾಗಿರುತ್ತದೆ. ಹೀಗೆ ತಾನಾಗಿ ನಡೆಯುವ ಸರಣಿಯನ್ನು ನಡೆಸಿಕೊಡುವುದು ಡೋಪಮಿನ್ ಉಣ್ಣುವ ಒಳಗಂಟುಗಳ ಕೆಲಸ. ಪಾರ್ಕಿನ್ಸನ್ ಬೇನೆಯಲ್ಲಿ ಈ ಒಳಗಿನ ಎಣಿಕೆ ತಪ್ಪುತ್ತದೆ. ಆದರೆ ಎಣಿಕೆಯನ್ನು ಹೊರಗಿನಿಂದ ಕೊಟ್ಟರೆ, ನೆಲದ ಮೇಲೆ ಅಡ್ಡಗೆರೆಗಳನ್ನು ಎಳೆದು ‘ಇದನ್ನು ದಾಟು’ ಎಂದರೆ ಅಥವಾ ಕಿವಿಗೆ ಒಂದು ನಡೆಯನ್ನು ಕೇಳಿಸಿದರೆ, ಮೆದುಳು ಬೇರೆ ಭಾಗಗಳ ಮೂಲಕ ಕಾಲಿಗೆ ಅಪ್ಪಣೆ ಮುಟ್ಟಿಸುತ್ತದೆ. ಎಣಿಕೆಯ ಇಂಥ ಹೊರಗಿನ ನೆರವಿಗೆ ತಾಳಕ್ಕಿಂತ ಅನುಕೂಲವಾದದ್ದು ಇನ್ನೊಂದಿಲ್ಲ. ನರರೋಗ ತಜ್ಞ ಆಲಿವರ್ ಸ್ಯಾಕ್ಸ್ ನ್ಯೂಯಾರ್ಕಿನ ಬೆತ್ ಅಬ್ರಹಾಂ ಆಸ್ಪತ್ರೆಯಲ್ಲಿ ಕಲ್ಲಿನಂತೆ ಕುಳಿತಿದ್ದ ರೋಗಿಗಳಿಗೆ 1969ರಲ್ಲಿ ಲೆವೊಡೋಪಾ ಕೊಟ್ಟು ಎಬ್ಬಿಸಿದ ಕಥೆ ‘ಅವೇಕನಿಂಗ್ಸ್’ ಗ್ರಂಥದಿಂದ ಜಗತ್ಪ್ರಸಿದ್ಧವಾಗಿದೆ. ಅದೇ ಸ್ಯಾಕ್ಸ್, ಒಂದು ಹೆಜ್ಜೆ ಇಡಲಾರದವರು ಸಂಗೀತ ಮೊಳಗಿದಾಗ ಕುಣಿದದ್ದನ್ನೂ ಬರೆದಿದ್ದಾರೆ.

ಮೈಕೆಲ್ ಥಾಟ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರೋಗಿಗಳು ಮೂರು ವಾರ ಕಾಲ ದಿನಕ್ಕೆ ಅರ್ಧ ತಾಸು, ತಾಳವನ್ನು ಎತ್ತಿಹಿಡಿದ ಸಂಗೀತಕ್ಕೆ ಹೆಜ್ಜೆ ಹಾಕಿ ನಡೆದರು. ಅವರ ನಡಿಗೆಯ ವೇಗ ಶೇಕಡ 25ರಷ್ಟು ಹೆಚ್ಚಿತು. ಹೆಜ್ಜೆಯ ಉದ್ದ ಶೇಕಡ 12ರಷ್ಟು ಹಿಗ್ಗಿತು. ಇಲ್ಲಿ ಯಾವ ಹೊಸ ಮದ್ದೂ ಇರಲಿಲ್ಲ.

ನೃತ್ಯ ಇಷ್ಟಕ್ಕೇ ನಿಲ್ಲುವುದಿಲ್ಲ ಎಂಬುದು ಅದರ ಹೆಚ್ಚುಗಾರಿಕೆ. ಕವಾಯತಿನಲ್ಲಿ ತಾಳವಿದೆ, ಕಲ್ಪನೆಯಿಲ್ಲ. ಕುಣಿತದಲ್ಲಿ ಮುಂದಿನ ಹೆಜ್ಜೆಯನ್ನು ನೆನಪಿಡಬೇಕು, ಎದುರಿನವರನ್ನು ಕಂಡು ಅನುಸರಿಸಬೇಕು, ನಿಲ್ಲಬೇಕಾದಲ್ಲಿ ನಿಂತು ಹೊರಡಬೇಕಾದಲ್ಲಿ ಹೊರಡಬೇಕು. ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಒಪ್ಪಿಸಬೇಕು. ‘ಕೈ ಎತ್ತಿ’ ಎಂದರೆ ಅರ್ಧಕ್ಕೆ ಏರುವ ತೋಳು ‘ಕೊಂಬೆಯ ಹೂವನ್ನು ಕೊಯ್ಯಿರಿ’ ಎಂದರೆ ಪೂರ್ತಿ ಏರುತ್ತದೆ. ಇದನ್ನು ವೈದ್ಯರಿಗಿಂತ ಮೊದಲು ತಿಳಿದವರು ನೃತ್ಯ ಕಲಿಸುವವರು.

ಬ್ರೂಕ್ಲಿನ್ನಿನ ಕುರ್ಚಿಗಳು

ಮಾರ್ಕ್ ಮಾರಿಸ್ ಅಮೆರಿಕದ ಹೆಸರಾಂತ ನೃತ್ಯ ಸಂಯೋಜಕ. ಅವರ ತಂಡ 2001ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದಲ್ಲಿ ತನ್ನದೇ ಕಟ್ಟಡಕ್ಕೆ ಬಂದಿತು. ನೆರೆಯಲ್ಲೇ ಪಾರ್ಕಿನ್ಸನ್ ರೋಗಿಗಳ ಒಂದು ಬಳಗವಿತ್ತು. ಅದನ್ನು ನಡೆಸುತ್ತಿದ್ದ ಓಲೀ ವೆಸ್ಟ್‌ಹೈಮರ್ ಎಂಬ ಮಹಿಳೆ ತಂಡದವರನ್ನು ಕಂಡು ಒಂದು ಬೇಡಿಕೆ ಮುಂದಿಟ್ಟರು. ಅವರು ಕೇಳಿದ್ದು ಚಿಕಿತ್ಸೆಯನ್ನಲ್ಲ, ನೃತ್ಯದ ತರಗತಿಯನ್ನು. ದೇಹದ ಒಂದೊಂದು ಚಲನೆಯನ್ನೂ ಎಚ್ಚರದಿಂದ ಯೋಚಿಸಿ ರೂಪಿಸುವುದು ನರ್ತಕನ ವೃತ್ತಿ. ಅದೇ ಎಚ್ಚರ ಪಾರ್ಕಿನ್ಸನ್ ರೋಗಿಗೆ ಬದುಕಿನ ಅಗತ್ಯ. ಈ ಎರಡನ್ನು ಕೂಡಿಸಿ ನೋಡಿದ್ದು ಆಕೆಯ ಜಾಣತನ. ಅದೇ ವರ್ಷ ಜಾನ್ ಹೆಗಿನ್‌ಬಾಥಮ್ ಮತ್ತು ಡೇವಿಡ್ ಲೆವೆಂಥಾಲ್ ಎಂಬ ತಂಡದ ಇಬ್ಬರು ನರ್ತಕರು ಮೊದಲ ತರಗತಿ ನಡೆಸಿದರು. ತಿಂಗಳಿಗೊಮ್ಮೆ ನಡೆಯುತ್ತಿದ್ದದ್ದು ವಾರಕ್ಕೊಮ್ಮೆಯಾಯಿತು. ಲೆವೆಂಥಾಲ್ 2011ರಲ್ಲಿ ರಂಗದಿಂದ ನಿವೃತ್ತರಾಗಿ ಇದನ್ನೇ ಪೂರ್ಣಾವಧಿಯ ಕೆಲಸ ಮಾಡಿಕೊಂಡರು. ಇಂದು ಇದೇ ಮಾದರಿಯ ತರಗತಿಗಳು ಇಪ್ಪತ್ತೈದಕ್ಕೂ ಹೆಚ್ಚು ದೇಶಗಳಲ್ಲಿ ನಡೆಯುತ್ತಿವೆ. ಸ್ವತಃ ಪಾರ್ಕಿನ್ಸನ್ ಬೇನೆಯುಳ್ಳ ಪತ್ರಕರ್ತ ಡೇವ್ ಐವರ್ಸನ್ ಈ ಬಳಗವನ್ನು ಕುರಿತು ‘ಕ್ಯಾಪ್ಚರಿಂಗ್ ಗ್ರೇಸ್’ ಎಂಬ ಸಾಕ್ಷ್ಯಚಿತ್ರವನ್ನೂ ತೆಗೆದಿದ್ದಾರೆ.

ತರಗತಿ ಆರಂಭವಾಗುವುದು ಕುರ್ಚಿಯಲ್ಲಿ. ವರ್ತುಲಾಕಾರವಾಗಿ ಹಾಕಿದ ಕುರ್ಚಿಗಳಲ್ಲಿ ಕುಳಿತೇ ಕೈ, ಕತ್ತು, ಬೆನ್ನು, ಪಾದಗಳಿಗೆ ಚಲನೆ ಕೊಡುತ್ತಾರೆ. ಪಕ್ಕದಲ್ಲಿ ಪಿಯಾನೋ ಜೀವಂತವಾಗಿ ನುಡಿಯುತ್ತಿರುತ್ತದೆ. ನುಡಿಸುವವರು ನರ್ತಿಸುವವರನ್ನು ನೋಡುತ್ತ ವೇಗವನ್ನು ಹೊಂದಿಸುತ್ತಾರೆ. ಧ್ವನಿಮುದ್ರಿಕೆಗೆ ಈ ದಯೆ ಇಲ್ಲ. ಆಮೇಲೆ ಆಸರೆಯ ಕಂಬಿ ಹಿಡಿದು ನಿಲ್ಲುವುದು, ಬಳಿಕ ಕೊಠಡಿಯ ಉದ್ದಕ್ಕೂ ನಡೆಯುವುದು, ಸಾಗುವುದು, ಜೊತೆಗಾರರೊಡನೆ ಸುತ್ತುವುದು. ನಿಲ್ಲಲಾರದವರು ಕುಳಿತೇ ಅದನ್ನು ಮಾಡುತ್ತಾರೆ. ಕೊನೆಗೆ ಎಲ್ಲರೂ ಕೈಕೈ ಹಿಡಿದು ವರ್ತುಲವಾಗುತ್ತಾರೆ. ಹೆಂಡತಿ, ಗಂಡ, ಮಗ, ಸೇವಕಿ ಯಾರೇ ಜೊತೆಗೆ ಬಂದಿರಲಿ, ಅವರೂ ಕುಣಿಯಬೇಕು. ಹೀಗಾಗಿ ಹೊರಗಿನಿಂದ ಬಂದು ನೋಡುವವನಿಗೆ ರೋಗಿ ಯಾರು, ಜೊತೆಗಾರ ಯಾರು ಎಂದು ತಟ್ಟನೆ ತಿಳಿಯುವುದಿಲ್ಲ. ಯಾರನ್ನೂ ‘ರೋಗಿ’ ಎಂದು ಕರೆಯುವ ವಾಡಿಕೆಯೂ ಅಲ್ಲಿಲ್ಲ.

ಇಲ್ಲೊಂದು ವ್ಯತ್ಯಾಸವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಬ್ರೂಕ್ಲಿನ್ನಿನವರು ತಮ್ಮದನ್ನು ಚಿಕಿತ್ಸೆ ಎಂದು ಹೇಳಿಕೊಳ್ಳುವುದಿಲ್ಲ. ಅದು ನೃತ್ಯದ ಪಾಠ. ‘ನೃತ್ಯ ಚಲನ ಚಿಕಿತ್ಸೆ’ ಎಂಬುದು ಬೇರೆಯೇ ಒಂದು ವೃತ್ತಿ. ಮರಿಯನ್ ಚೇಸ್ ಎಂಬ ನರ್ತಕಿ 1942ರಲ್ಲಿ ವಾಷಿಂಗ್ಟನ್ನಿನ ಸೇಂಟ್ ಎಲಿಜಬೆತ್ಸ್ ಮನೋರೋಗ ಆಸ್ಪತ್ರೆಯಲ್ಲಿ, ಮಾತೇ ಆಡದ ರೋಗಿಗಳೊಡನೆ ಚಲನೆಯ ಮೂಲಕ ಸಂವಾದ ಆರಂಭಿಸಿದ್ದರಿಂದ ಅದು ಬೆಳೆಯಿತು. 1966ರಲ್ಲಿ ಅಮೆರಿಕದಲ್ಲಿ ಅದರ ವೃತ್ತಿಸಂಘ ಹುಟ್ಟಿದಾಗ ಚೇಸ್ ಅವರೇ ಮೊದಲ ಅಧ್ಯಕ್ಷೆ. ಭಾರತದಲ್ಲಿ ಬೆಂಗಳೂರಿನ ತ್ರಿಪುರಾ ಕಶ್ಯಪ್ ಈ ಹಾದಿಯ ಮೊದಲಿಗರಲ್ಲಿ ಒಬ್ಬರು. ಕೋಲ್ಕತ್ತಾದ ಸೋಹಿನಿ ಚಕ್ರವರ್ತಿಯವರು ಕಟ್ಟಿದ ‘ಕೋಲ್ಕತ್ತಾ ಸಂವೇದ್’ ಸಂಸ್ಥೆ ಮಾನವ ಸಾಗಣೆಯ ಜಾಲದಿಂದ ಬಿಡಿಸಿಕೊಂಡು ಬಂದ ಹೆಣ್ಣುಮಕ್ಕಳಿಗೆ ತಮ್ಮ ದೇಹವನ್ನು ಮರಳಿ ತಮ್ಮದಾಗಿಸಿಕೊಳ್ಳಲು ನೃತ್ಯವನ್ನು ಬಳಸುತ್ತಿದೆ. ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯೊಡನೆ ಸೇರಿ ಇದರ ಶಿಕ್ಷಣಕ್ರಮವನ್ನೂ ರೂಪಿಸಿದೆ. ಅದು ಪ್ರತ್ಯೇಕ ಲೇಖನಕ್ಕೆ ತಕ್ಕ ವಿಷಯ.

ಪಾರ್ಕಿನ್ಸನ್ ಬೇನೆಯ ಮಟ್ಟಿಗೆ ನೃತ್ಯದ ಪರವಾದ ಸಾಕ್ಷ್ಯ ಎಷ್ಟು ಗಟ್ಟಿ? ಅಮೆರಿಕದ ಸೇಂಟ್ ಲೂಯಿಸಿನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಮ್ಯಾಡ್ಲೀನ್ ಹ್ಯಾಕ್ನಿ ಮತ್ತು ಗ್ಯಾಮನ್ ಎರ್‌ಹಾರ್ಟ್ 58 ಮಂದಿಯನ್ನು ಚೀಟಿ ಎತ್ತಿದಂತೆ ಮೂರು ಗುಂಪಾಗಿ ವಿಂಗಡಿಸಿದರು. ಒಂದು ಗುಂಪಿಗೆ ಅರ್ಜೆಂಟೀನಾದ ಟ್ಯಾಂಗೊ, ಇನ್ನೊಂದಕ್ಕೆ ವಾಲ್ಟ್ಸ್ ಮತ್ತು ಫಾಕ್ಸ್‌ಟ್ರಾಟ್, ಮೂರನೆಯದಕ್ಕೆ ಏನೂ ಇಲ್ಲ. 13 ವಾರಗಳಲ್ಲಿ 20 ಪಾಠಗಳಾದ ಮೇಲೆ ಕುಣಿದ ಎರಡೂ ಗುಂಪುಗಳ ಸಮತೋಲ ಸುಧಾರಿಸಿತ್ತು, ಆರು ನಿಮಿಷದಲ್ಲಿ ನಡೆಯಬಲ್ಲ ದೂರ ಹೆಚ್ಚಿತ್ತು. ಕುಣಿಯದವರದು ಇದ್ದಂತೆಯೇ ಇತ್ತು. 2009ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಟ್ಯಾಂಗೊ ತುಸು ಮೇಲಾಗಿ ಕಂಡಿತು. ಅದರಲ್ಲಿ ಹಿಂದಕ್ಕೆ ನಡೆಯುವುದಿದೆ, ನಡುನಡುವೆ ತಟ್ಟನೆ ನಿಂತು ಮತ್ತೆ ಹೊರಡುವುದಿದೆ. ರೋಗಿ ತಡವರಿಸುವುದು ಇವುಗಳಲ್ಲಿಯೇ. 2012ರಲ್ಲಿ ರಯಾನ್ ಡಂಕನ್ ಮತ್ತು ಎರ್‌ಹಾರ್ಟ್ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ 62 ಮಂದಿ ಇದ್ದರು. ಒಂದು ವರ್ಷ ವಾರಕ್ಕೆರಡು ದಿನ ಟ್ಯಾಂಗೊ ಆಡಿದವರನ್ನು ಗುಳಿಗೆಯ ಪ್ರಭಾವ ಇಳಿದ ಹೊತ್ತಿನಲ್ಲಿಯೇ ಪರೀಕ್ಷಿಸಿದಾಗ, ಚಲನೆಗೆ ಸಂಬಂಧಿಸಿದ ರೋಗಲಕ್ಷಣಗಳ ಅಂಕ ಶೇಕಡ 28ಕ್ಕೂ ಮಿಕ್ಕಿ ಇಳಿದಿತ್ತು. ಕೆನಡಾದ ಯಾರ್ಕ್ ವಿಶ್ವವಿದ್ಯಾಲಯದ ಜೋಸೆಫ್ ಡಿಸೋಜಾ ಅವರ ತಂಡ ವಾರಕ್ಕೊಮ್ಮೆ ಒಂದೂಕಾಲು ತಾಸು ಕುಣಿದ 16 ಮಂದಿಯನ್ನು ಮೂರು ವರ್ಷ ಗಮನಿಸಿ, ಕುಣಿಯದ 16 ಮಂದಿಯೊಡನೆ ಹೋಲಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿತು. ಕುಣಿದವರಲ್ಲಿ ಚಲನೆಯ ತೊಂದರೆ ಹೆಚ್ಚುವ ವೇಗ ಕಡಮೆಯಾಗಿತ್ತು.

ಸಾಕ್ಷ್ಯವನ್ನು ತೂಗುವಾಗ ಪ್ರತಿವಾದಿಯ ಮಾತನ್ನೂ ಕೇಳಬೇಕು. ಈ ಸಂಖ್ಯೆಗಳೆಲ್ಲ ಸಣ್ಣವು. ಕೆನಡಾದ ಅಧ್ಯಯನದಲ್ಲಿ ಕುಣಿಯಬೇಕೆಂದು ತಾವಾಗಿ ಬಂದವರೇ ಕುಣಿದದ್ದು. ಹಾಗೆ ಬರುವವರ ಉತ್ಸಾಹವೂ ಆರೋಗ್ಯವೂ ಮೊದಲೇ ಮೇಲಿದ್ದಿರಬಹುದು. ಯಾರು ಕುಣಿಯುತ್ತಿದ್ದಾರೆಂಬುದನ್ನು ಗುಳಿಗೆಯಂತೆ ಮುಚ್ಚಿಡಲು ಬರುವುದಿಲ್ಲ. ಸಾಯುತ್ತಿರುವ ಕೋಶಗಳನ್ನು ನೃತ್ಯ ಉಳಿಸುತ್ತದೆ ಎಂಬುದಕ್ಕೆ ಸಿದ್ಧವಾದ ಪ್ರಮಾಣವಿಲ್ಲ. ನಡಿಗೆ, ಸಮತೋಲ, ಮನಸ್ಸಿನ ಉಲ್ಲಾಸ ಇವುಗಳಲ್ಲಿ ಲಾಭವಿದೆಯೆಂಬ ಮಾತು ನಿಲ್ಲುತ್ತದೆ. ‘ಕುಣಿದರೆ ಪಾರ್ಕಿನ್ಸನ್ ಗುಣವಾಗುತ್ತದೆ, ಗುಳಿಗೆ ಬಿಡಿ’ ಎಂದು ಯಾರಾದರೂ ಹೇಳಿದರೆ ಅಂಥವರಿಂದ ದೂರವಿರುವುದು ಲೇಸು. ಲೆವೊಡೋಪಾವನ್ನು ಒಮ್ಮೆಗೇ ನಿಲ್ಲಿಸುವುದು ಪ್ರಾಣಕ್ಕೆ ಅಪಾಯ.

ಮಹಾರಾಷ್ಟ್ರಕ್ಕೆ ಈ ವಿದ್ಯೆ ಬಂದು ಹಲವು ವರ್ಷಗಳಾದವು. ಕಥಕ್ ಕಲಿತು, ಜರ್ಮನಿಯಲ್ಲಿ ಸಮಕಾಲೀನ ನೃತ್ಯದ ಶಿಕ್ಷಣ ಪಡೆದು ಬಂದ ಪುಣೆಯ ಹೃಷಿಕೇಶ ಪವಾರ್ 2010ರ ಸುಮಾರಿಗೆ ಅಲ್ಲಿನ ಸಂಚೇತಿ ಸಂಸ್ಥೆಯ ಆಶ್ರಯದಲ್ಲಿ ಪಾರ್ಕಿನ್ಸನ್ ಬೇನೆಯವರಿಗಾಗಿ ತರಗತಿ ಆರಂಭಿಸಿದರು. ಪುಣೆಯಲ್ಲಿ ರೋಗಿಗಳೂ ಮನೆಯವರೂ ಕೂಡಿ ನಡೆಸುವ ಪಾರ್ಕಿನ್ಸನ್ಸ್ ಮಿತ್ರಮಂಡಳವಿದೆ. ಮುಂಬೈಯಲ್ಲಿ 2001ರಿಂದ ಪಾರ್ಕಿನ್ಸನ್ ಕಾಯಿಲೆ ಮತ್ತು ಚಲನ ದೋಷಗಳ ಸೊಸೈಟಿ ಕೆಲಸ ಮಾಡುತ್ತಿದೆ. ಜೀವನಪೂರ್ತಿ ವೇದಿಕೆ ಏರದಿದ್ದ ನಿವೃತ್ತ ಗುಮಾಸ್ತರೂ ಗೃಹಿಣಿಯರೂ ಅರವತ್ತರ ಮೇಲೆ ನೃತ್ಯ ಕಲಿತರು. ಆದರೆ ಪುಣೆ ಸೊಲ್ಲಾಪುರದಿಂದ 250 ಕಿಲೋಮೀಟರು. ಕಾಲು ಕಟ್ಟುವ ಮನುಷ್ಯನನ್ನು ವಾರಕ್ಕೊಮ್ಮೆ ರೈಲು ಹತ್ತಿಸಿ ಇಳಿಸುವುದು ಆಗದ ಮಾತು.

ಭಾಷೆಯ ಪ್ರಶ್ನೆ ಅದಕ್ಕಿಂತ ಸೂಕ್ಷ್ಮವಾದದ್ದು. ಈ ಬೇನೆಯವರಿಗೆ ಸೂಚನೆಯನ್ನು ಕೇಳಿ, ಮನಸ್ಸಿನಲ್ಲಿ ತಿರುಗಿಸಿಕೊಂಡು, ಆಮೇಲೆ ಕಾಲಿಗೆ ಹೇಳುವಷ್ಟು ವ್ಯವಧಾನವಿರುವುದಿಲ್ಲ. ಒಂದೇ ಹೊತ್ತಿಗೆ ಎರಡು ಕೆಲಸ ಮಾಡುವುದೇ ಅವರ ದೊಡ್ಡ ಕಷ್ಟ. ಅಕ್ಕಲಕೋಟೆಯ ಹಳ್ಳಿಯ ಮುತ್ತಜ್ಜಿಗೆ ಮರಾಠಿ ಪೇಟೆಯ ಭಾಷೆ, ಆಸ್ಪತ್ರೆಯ ಭಾಷೆ. ಆಕೆಯ ಮೈಯಲ್ಲಿರುವುದು ಬೀಸುವ ಕಲ್ಲಿನ ಪದ, ತೊಟ್ಟಿಲ ಪದ. ಹಾಡಿನ ಲಯ ಕಾಲನ್ನು ಎತ್ತಬೇಕಾದರೆ ಆ ಹಾಡು ಮೊದಲೇ ಮೈಗಂಟಿದ್ದಾಗಿರಬೇಕು.

ಅಂಥ ಲಯಕ್ಕೆ ಈ ಸೀಮೆಯಲ್ಲಿ ಕೊರತೆಯಿಲ್ಲ. ಆಷಾಢದಲ್ಲಿ ಆಳಂದಿಯಿಂದಲೂ ದೇಹೂವಿನಿಂದಲೂ ಹೊರಟ ಪಾಲಕಿಗಳು ಸೊಲ್ಲಾಪುರ ಜಿಲ್ಲೆಯನ್ನು ಹಾದು ಪಂಢರಪುರ ಸೇರುತ್ತವೆ. ಕರ್ನಾಟಕದ ದಿಂಡಿಗಳೂ ಅಲ್ಲಿಗೆ ನಡೆದು ಬರುತ್ತವೆ. ತಾಳ ಮೃದಂಗಗಳಿಗೆ ವಾರಕರಿಗಳು ಹಾಕುವ ಪಾವಲಿಯನ್ನು ಒಮ್ಮೆ ಈ ದೃಷ್ಟಿಯಿಂದ ನೋಡಬೇಕು. ಮುಂದೆ ಹೆಜ್ಜೆ, ಹಿಂದೆ ಹೆಜ್ಜೆ, ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ, ಎಲ್ಲರೂ ಒಂದೇ ಎಣಿಕೆಗೆ. ಸೇಂಟ್ ಲೂಯಿಸಿನವರು ಟ್ಯಾಂಗೊದಲ್ಲಿ ಹುಡುಕಿದ ಗುಣಗಳಲ್ಲಿ ಎರಡು ಮೂರು ಇಲ್ಲಿಯೇ ಇವೆ. ಮಂಗಳವೇಢೆ ತಾಲೂಕಿನ ಹುಲಜಂತಿಯಲ್ಲಿ ದೀಪಾವಳಿಯ ಹೊತ್ತಿಗೆ ಮಹಾಲಿಂಗರಾಯನ ಜಾತ್ರೆಯಲ್ಲಿ ಡೊಳ್ಳು ಮೊಳಗುತ್ತದೆ. ಸಂಕ್ರಾಂತಿಯಲ್ಲಿ ಸಿದ್ಧರಾಮೇಶ್ವರನ ನಂದಿಧ್ವಜಗಳು ಹೊರಟಾಗ ಸೊಲ್ಲಾಪುರದ ಬೀದಿಗಳೇ ಹಲಗೆಯ ಬಡಿತಕ್ಕೆ ನಡೆಯುತ್ತವೆ. ಶಾಲೆಯಲ್ಲಿ ಲೇಝಿಮ್ ಆಡದೆ ಬೆಳೆದವರು ಇಲ್ಲಿ ವಿರಳ. ಇವು ಪಾರ್ಕಿನ್ಸನ್ನಿಗೆ ಮದ್ದು ಎಂದು ಯಾರೂ ಪರೀಕ್ಷಿಸಿ ಹೇಳಿಲ್ಲ, ಜಾತ್ರೆಯ ನೂಕುನುಗ್ಗಲು ರೋಗಿಗೆ ತಕ್ಕ ಜಾಗವೂ ಅಲ್ಲ. ಡೊಳ್ಳಿನ ರಭಸವನ್ನು ತಗ್ಗಿಸಿ, ಪಾವಲಿಯ ಹೆಜ್ಜೆಯನ್ನು ಕುರ್ಚಿಗೆ ಇಳಿಸಿ, ಭಜನೆಯ ಮಠದ ಸಮತಟ್ಟಾದ ನೆಲದ ಮೇಲೆ ಹತ್ತು ಜನರಿಗೆ ಒಂದು ತಾಸಿನ ಪಾಠ ಮಾಡುವುದು ಮಾತ್ರ ದೊಡ್ಡ ಖರ್ಚಿನ ಕೆಲಸವಲ್ಲ.

ಬೇಕಾದದ್ದು ಕೆಲವೇ. ಗಾಲಿಯಿಲ್ಲದ, ತೋಳುಗಳಿರುವ ಗಟ್ಟಿ ಕುರ್ಚಿಗಳು. ಜಮಖಾನೆ ಹಾಸದ ನೆಲ, ಯಾಕೆಂದರೆ ಅದರ ಅಂಚೇ ಎಡವುವ ಜಾಗ. ಹೊಂದಿಕೊಂಡು ನುಡಿಸುವ ಒಬ್ಬ ತಬಲೆಯವ ಅಥವಾ ಮೃದಂಗದವ. ರೋಗದ ಸ್ವರೂಪ ಬಲ್ಲ ಒಬ್ಬ ಭೌತಚಿಕಿತ್ಸಕ. ಪ್ರತಿಯೊಬ್ಬರ ಪಕ್ಕದಲ್ಲಿ ಮನೆಯ ಒಬ್ಬರು. ಪಾಠದ ಹೊತ್ತು ಗುಳಿಗೆ ಚೆನ್ನಾಗಿ ಕೆಲಸ ಮಾಡುತ್ತಿರುವ ಹೊತ್ತಾಗಿರಬೇಕು. ಈ ಬೇನೆಯಲ್ಲಿ ಎದ್ದು ನಿಂತಾಗ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆಗಟ್ಟುವುದು ಸಾಮಾನ್ಯ. ಆದ್ದರಿಂದ ಕುಳಿತಲ್ಲಿಂದ ನಿಲ್ಲುವ ಹಂತವನ್ನು ನಿಧಾನವಾಗಿ ಏರಬೇಕು. ವೈದ್ಯರ ಸಮ್ಮತಿ ಮೊದಲೇ ಇರಬೇಕು.

ಕಾಯಿದೆ ಏನನ್ನುತ್ತದೆ

1995ರ ಅಂಗವಿಕಲರ ಕಾಯಿದೆ ಗುರುತಿಸಿದ್ದು ಏಳೇ ಬಗೆಯ ವೈಕಲ್ಯಗಳನ್ನು. ಪಾರ್ಕಿನ್ಸನ್ ಅವುಗಳಲ್ಲಿರಲಿಲ್ಲ. ಅದರ ಜಾಗಕ್ಕೆ ಬಂದು 2017ರ ಏಪ್ರಿಲ್ 19ರಿಂದ ಜಾರಿಯಲ್ಲಿರುವ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ ಈ ಸಂಖ್ಯೆಯನ್ನು 21ಕ್ಕೆ ಏರಿಸಿತು. ದೀರ್ಘಕಾಲದ ನರಸಂಬಂಧಿ ಸ್ಥಿತಿಗಳೆಂಬ ಶೀರ್ಷಿಕೆಯಡಿ ಪಾರ್ಕಿನ್ಸನ್ ಕಾಯಿಲೆಯನ್ನು ಹೆಸರಿಸಿಯೇ ಸೇರಿಸಿತು. ಹಳ್ಳಿಗಳಲ್ಲಿ ಮಾತ್ರವಲ್ಲ, ಪಟ್ಟಣದ ವಿದ್ಯಾವಂತರ ಮನೆಗಳಲ್ಲಿಯೂ ಈ ಸಂಗತಿ ತಿಳಿದಿಲ್ಲವೆಂಬುದು ಸೋಜಿಗ.

ಇದರ ಪರಿಣಾಮ ಸಣ್ಣದಲ್ಲ. 20ನೆಯ ಕಲಮಿನ 4ನೆಯ ಉಪಕಲಮಿನಂತೆ, ಸೇವೆಯಲ್ಲಿದ್ದಾಗ ವೈಕಲ್ಯ ಬಂದ ನೌಕರನನ್ನು ಸರಕಾರಿ ಸಂಸ್ಥೆ ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಇದ್ದ ಹುದ್ದೆ ಆತನಿಗೆ ಒಗ್ಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆಗೆ ಬದಲಿಸಬೇಕು. ಅದೂ ಸಾಧ್ಯವಾಗದಿದ್ದರೆ ತಕ್ಕ ಹುದ್ದೆ ಸಿಗುವವರೆಗೆ ಅಥವಾ ನಿವೃತ್ತಿಯ ವಯಸ್ಸಿನವರೆಗೆ ಹೆಚ್ಚುವರಿ ಹುದ್ದೆಯಲ್ಲಿ ಇರಿಸಿಕೊಳ್ಳಬೇಕು. ಹಳೆಯ ಕಾಯಿದೆಯ 47ನೆಯ ಕಲಮಿನಲ್ಲಿದ್ದ ಇದೇ ರಕ್ಷಣೆಯನ್ನು ಸರ್ವೋಚ್ಚ ನ್ಯಾಯಾಲಯ 2003ರ ಕುನಾಲ್ ಸಿಂಗ್ ಪ್ರಕರಣದಲ್ಲಿ ಕಡ್ಡಾಯವೆಂದು ಎತ್ತಿಹಿಡಿಯಿತು. ಸರಕಾರಿ ಸಂಸ್ಥೆ ಎಂಬ ಪದದ ವ್ಯಾಖ್ಯೆಯಲ್ಲಿ ಸರಕಾರದ ಅನುದಾನ ಪಡೆಯುವ ಸಂಸ್ಥೆಗಳೂ ಶಾಸನದಿಂದ ಹುಟ್ಟಿದ ನಿಗಮಗಳೂ ಸೇರುತ್ತವೆ. ಅಂದರೆ ಗಡಿಯ ಅನುದಾನಿತ ಕನ್ನಡ ಶಾಲೆಯ ಮಾಸ್ತರರಿಗೂ ಎಸ್‌ಟಿ ಬಸ್ಸಿನ ಕಂಡಕ್ಟರನಿಗೂ ಈ ಆಸರೆಯುಂಟು. ಬೀಡಿ ಕಟ್ಟುವವಳಿಗೂ ಖಾಸಗಿ ಕಾರಖಾನೆಯಲ್ಲಿ ಚಾದರ ನೇಯುವವನಿಗೂ ಇಲ್ಲ. ಕಾಯಿದೆಯ ಈ ಕೊರತೆ ಎದ್ದು ಕಾಣುವಂಥದ್ದು. ಅವರಿಗೆ ಉಳಿದಿರುವುದು 25ನೆಯ ಕಲಮು. ಕುಟುಂಬದ ಆದಾಯದ ಮಿತಿಗೆ ಒಳಪಟ್ಟು ಸಮೀಪದಲ್ಲಿ, ವಿಶೇಷವಾಗಿ ಹಳ್ಳಿಗಾಡಿನಲ್ಲಿ, ಉಚಿತ ಆರೋಗ್ಯ ಸೇವೆ ಒದಗಿಸುವ ಹೊಣೆಯನ್ನು ಅದು ಸರಕಾರದ ಮೇಲೂ ಸ್ಥಳೀಯ ಸಂಸ್ಥೆಗಳ ಮೇಲೂ ಹೊರಿಸಿದೆ. 27ನೆಯ ಕಲಮು ಪುನರ್ವಸತಿಯ ಮಾತಾಡುತ್ತದೆ. ‘ಆರ್ಥಿಕ ಸಾಮರ್ಥ್ಯದ ಮಿತಿಯಲ್ಲಿ’ ಎಂಬ ಬಾಲವೂ ಅದಕ್ಕಿದೆ. ಆದರೂ ನಗರಪಾಲಿಕೆಯ ಸಭಾಗೃಹವೊಂದನ್ನು ವಾರಕ್ಕೊಂದು ತಾಸು ಬಿಟ್ಟುಕೊಡಲು ಎಂಥ ಆರ್ಥಿಕ ಸಾಮರ್ಥ್ಯ ಬೇಕು?

ಕಲಿಸುವವರ ಮಟ್ಟಿಗೂ ಕಾನೂನು ಬಂದಿದೆ. 2021ರ ರಾಷ್ಟ್ರೀಯ ಸಹವರ್ತಿ ಮತ್ತು ಆರೋಗ್ಯಸೇವಾ ವೃತ್ತಿಗಳ ಆಯೋಗದ ಕಾಯಿದೆಯ ಅನುಸೂಚಿಯಲ್ಲಿ ಚಲನ ಚಿಕಿತ್ಸಕರೆಂಬ ವೃತ್ತಿಯಿದೆ. ಕಲೆ, ನೃತ್ಯ ಹಾಗೂ ಚಲನೆಯ ಚಿಕಿತ್ಸಕರು ಅದರಲ್ಲಿ ಸೇರಿದ್ದಾರೆ. ವಾರಾಂತ್ಯದ ಶಿಬಿರದ ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಿ ‘ನೃತ್ಯ ಚಿಕಿತ್ಸಕ’ ಎಂಬ ಫಲಕ ಏರಿಸುವವರು ಇದನ್ನು ಗಮನಿಸಬೇಕು. ನೃತ್ಯ ಪಾಠ ಎಂದು ಕರೆದು ನೃತ್ಯವನ್ನೇ ಕಲಿಸುವವರಿಗೆ ಇದರ ತಗಾದೆಯಿಲ್ಲ. ಬ್ರೂಕ್ಲಿನ್ನಿನವರು ಮೊದಲಿನಿಂದಲೂ ತಮ್ಮ ಕೆಲಸವನ್ನು ಪಾಠ ಎಂದೇ ಕರೆದದ್ದು ಈ ದೃಷ್ಟಿಯಿಂದಲೂ ಅರ್ಥವುಳ್ಳದ್ದು.

ಅಂಗವಿಕಲತೆಯ ಪ್ರಮಾಣಪತ್ರಕ್ಕೆ ಗುರುತಿನ ಮತ್ತು ವಿಳಾಸದ ದಾಖಲೆ, ಭಾವಚಿತ್ರ, ಚಿಕಿತ್ಸೆಯ ಕಾಗದಪತ್ರಗಳೊಡನೆ ಅರ್ಜಿ ಹಾಕಬೇಕು. ಅನೇಕ ಸೌಲಭ್ಯಗಳಿಗೆ ವೈಕಲ್ಯ ಶೇಕಡ 40ಕ್ಕೆ ಕಡಮೆಯಿರಬಾರದು. ಪಾರ್ಕಿನ್ಸನ್ನಿನವರಿಗೆ ಇಲ್ಲಿ ಒಂದು ತೊಡಕುಂಟು. ಗುಳಿಗೆ ನುಂಗಿದ ಒಂದು ತಾಸಿನ ಮೇಲೆ ಪರೀಕ್ಷೆಗೆ ನಿಂತ ಮನುಷ್ಯ ಸರಿಯಾಗಿಯೇ ನಡೆದು ತೋರಿಸಬಹುದು. ಮರಳುವಾಗ ಆಸ್ಪತ್ರೆಯ ಮೆಟ್ಟಿಲ ಮೇಲೆ ಕಾಲು ಕಟ್ಟಿ ನಿಂತಿರಬಹುದು. ಆದ್ದರಿಂದ ದಿನದ ಎರಡೂ ಸ್ಥಿತಿಗಳನ್ನು ನರರೋಗ ತಜ್ಞರಿಂದ ಬರೆಸಿಕೊಂಡು ಹೋಗುವುದು ಒಳಿತು. ಮನೆಯಲ್ಲಿ ಮೊಬೈಲಿನಲ್ಲಿ ತೆಗೆದ ನಡಿಗೆಯ ಚಿತ್ರವನ್ನೂ ಮಂಡಳಿಯ ವೈದ್ಯರಿಗೆ ತೋರಿಸಬಹುದು. ಆ ಮೇಲೂ ನಿರ್ಣಯ ಒಪ್ಪಿಗೆಯಾಗದಿದ್ದರೆ 59ನೆಯ ಕಲಮಿನಡಿ ರಾಜ್ಯ ಸರಕಾರ ಗೊತ್ತುಪಡಿಸಿದ ಪ್ರಾಧಿಕಾರದ ಮುಂದೆ ಮೇಲ್ಮನವಿ ಸಲ್ಲಿಸುವ ಹಕ್ಕು ಇದ್ದೇ ಇದೆ. ಅರ್ಜಿಯ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಮತ್ತು ತಾರೀಖು ಹಾಕಿಸಿಕೊಂಡು ಇಟ್ಟುಕೊಂಡಿರಬೇಕು.